ಫೇಸ್‌ವಾಶ್ ಬಾಟಲಿಯ ಹಿಂಬದಿ

ಹೋದ ವರ್ಷ ಮುಳಬಾಗಿಲಿನಲ್ಲಿ ನಮ್ಮ ಅತ್ತೆ ಮಗನ ಮದುವೆ. ಧಾರೆ ಮುಗಿದು ಊಟಕ್ಕೆ ಕೂತಿದ್ದೆವು. ಎದುರು ಸಾಲಿನಲ್ಲಿದ್ದ ದೊಡ್ಡತ್ತೆ ನನ್ನ ಮುಖ ನೋಡಿ, "ಏನಮ್ಮಾ, ಡ್ಯೂಟಿಯಿಂದ ಬಂದ ಮೇಲೆ ಮುಖ ಸರಿಯಾಗಿ ತೊಳ್ಕೊಳ್ಳಲ್ವಾ ನೀನು?" ಅಂದರು. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಪಕ್ಕದಲ್ಲಿದ್ದವರು ಕೂಡ ಒಂದು ಸಲ ನನ್ನ ಕಡೆ ತಿರುಗಿ ನೋಡಿ ಮತ್ತೆ ಎಲೆ ಕಡೆ ನೋಡಿಕೊಂಡರು. ನನಗೆ ಆಮೇಲೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಯಾಕಂದ್ರೆ ಆ ದಿನ ಬೆಳಗ್ಗೆಯಿಂದ ಅಷ್ಟು ಹೊತ್ತಿಗೆ ನಾನು ಮೂರು ಸಲ ಮುಖ ತೊಳೆದಿದ್ದೆ.

ನಾನು ಕೋಲಾರದವಳು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಎಂಟು ಗಂಟೆ ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕ್. ಕೆಲಸಕ್ಕೆ ಸೇರಿದ ಮೇಲೆ ಮೊಡವೆ ಜಾಸ್ತಿ ಆಯ್ತು. ಮೊದಲು ಹಣೆ ಮೇಲೆ ಸಣ್ಣ ಸಣ್ಣ ಗುಳ್ಳೆ, ಆಮೇಲೆ ಕೆನ್ನೆ, ಕೊನೆಗೆ ದವಡೆ ಅಂಚಿನಲ್ಲಿ ಮುಟ್ಟಿದರೆ ನೋಯುವ ದಪ್ಪ ಗಂಟುಗಳು. ಆಗ ನಾನು ಮಾಡುತ್ತಿದ್ದದ್ದನ್ನೆಲ್ಲಾ ಹೇಳಿಬಿಡುತ್ತೇನೆ. ಎದ್ದ ತಕ್ಷಣ ಇದ್ದಿಲಿನ ಫೇಸ್‌ವಾಶ್. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಮೈ ಸೋಪಿನಿಂದಲೇ ಇನ್ನೊಂದು ಸಲ. ಮನೆಗೆ ಬಂದು ಬೇವಿನ ಫೇಸ್‌ವಾಶ್. ರಾತ್ರಿ ಅಕ್ರೋಟ್ ಸಿಪ್ಪೆ ಪುಡಿ ಹಾಕಿದ ಸ್ಕ್ರಬ್, ಅದರ ಮೇಲೆ ನಿಂಬೆರಸ. ತೊಳೆದಾಗ ಕೆನ್ನೆ ಮೇಲೆ ಬೆರಳಾಡಿಸಿದರೆ ಕಿರ್ ಅನ್ನಬೇಕು. ಹಾಗಂದರೇನೇ ಕೊಳೆ ಹೋಯ್ತು ಅನ್ನೋ ಲೆಕ್ಕ ನನ್ನದು. ಮೊಡವೆ ಅಂದ್ರೆ ಕೊಳೆ ಅಂತ ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಆದರೆ ಎಲ್ಲರ ಮಾತಿನಲ್ಲೂ ಅದು ಇತ್ತು, ಜಾಹೀರಾತಿನಲ್ಲೂ ಇತ್ತು. ನಾನೂ ನಂಬಿದ್ದೆ.

ಆ ಮದುವೆ ಮುಗಿದ ವಾರ ಒಂದು ಔಷಧಿ ಅಂಗಡಿಗೆ ಹೋಗಿ ಮೊಡವೆಗೆ ಏನಾದ್ರೂ ಕೊಡಿ ಅಂದೆ. ಚೀಟಿ ಕೇಳದೆ ಒಂದು ಸಣ್ಣ ಟ್ಯೂಬ್ ಕೊಟ್ಟರು. ಹತ್ತು ದಿನದಲ್ಲಿ ಮುಖ ಎಷ್ಟು ನಯವಾಯ್ತು ಅಂದ್ರೆ ಅಮ್ಮ ದೃಷ್ಟಿ ತೆಗೆದರು. ಟ್ಯೂಬ್ ಮುಗಿದು ಬಿಟ್ಟ ನಾಲ್ಕೇ ದಿನಕ್ಕೆ ಮುಖ ಕೆಂಪಗೆ ಉರಿಯತೊಡಗಿತು, ಮೊದಲಿಗಿಂತ ಜಾಸ್ತಿ ಗುಳ್ಳೆ ಎದ್ದವು. ಆಮೇಲೆ ಗೊತ್ತಾಯ್ತು, ಅದರಲ್ಲಿ ಸ್ಟೀರಾಯ್ಡ್ ಇತ್ತು, ಅಂದ್ರೆ ಕೆಂಪು, ಊತವನ್ನು ಸದ್ಯಕ್ಕೆ ಅಡಗಿಸುವ ಬಲವಾದ ಔಷಧಿ. ನಿಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚುವ ಯಾವ ಟ್ಯೂಬ್ ಇದ್ದರೂ ಒಂದು ಸಲ ತಿರುಗಿಸಿ ನೋಡಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. 2018ರಲ್ಲೇ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ಆದೇಶ ಮಾಡಿದೆ. ಆದರೂ ನನ್ನ ಕೈಗೆ ಬಂತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಒಂದು ವಾರದ ರಜೆ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚರ್ಮದ ವಿಭಾಗದಲ್ಲಿ ಚೀಟಿ ಮಾಡಿಸಿದೆ. ಸಾಲು ಉದ್ದ ಇತ್ತು. ಡಾಕ್ಟರ್ ಹೆಂಗಸು, ನೋಡಿದ್ದು ಐದೇ ನಿಮಿಷ. ಆದರೆ ಆ ಐದು ನಿಮಿಷದಲ್ಲಿ ಅವರು ಕೇಳಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ದಿನಕ್ಕೆ ಎಷ್ಟು ಸಲ ಮುಖ ತೊಳೀತೀಯಮ್ಮ?" ನಾಲ್ಕೈದು ಸಲ ಅಂದೆ, ಹೆಮ್ಮೆಯಿಂದಲೇ. ಅವರು ಪೆನ್ನು ಕೆಳಗಿಟ್ಟು, "ಮೊದಲು ಅದನ್ನ ಕಡಿಮೆ ಮಾಡು. ಎರಡೇ ಸಲ. ತುಂಬಾ ಬೆವತರೆ ಇನ್ನೊಂದು ಸಲ, ಸಾಕು. ನಿನ್ನ ಮುಖದಲ್ಲಿ ಕೊಳೆ ಇಲ್ಲ ಕಣಮ್ಮ" ಅಂದರು.

ಅಷ್ಟು ಜನರ ಮುಂದೆ ನನಗೆ ಕಣ್ಣು ತುಂಬಿ ಬಂತು.

ಅವರು ಚಿಕ್ಕದಾಗಿ ವಿವರಿಸಿದರು. ಚರ್ಮದ ಒಳಗೆ, ಕೂದಲಿನ ಬುಡದ ಪಕ್ಕದಲ್ಲಿ ಜಿಡ್ಡಿನ ಗ್ರಂಥಿ ಇರುತ್ತದೆ. ಹಾರ್ಮೋನಿನ ಮಾತು ಕೇಳಿ ಅದು ಎಣ್ಣೆ ಬಿಡುತ್ತದೆ. ಆ ಎಣ್ಣೆ ಹೊರಗೆ ಬರುವ ದಾರಿಯಲ್ಲಿ ಸತ್ತ ಚರ್ಮದ ಕಣಗಳು ಸೇರಿ ಅಡ್ಡ ಕಟ್ಟಿಕೊಳ್ಳುತ್ತವೆ. ಒಳಗೇ ಇರುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ, ಉರಿಯೂತ ಶುರುವಾಗುತ್ತದೆ. ಇದೆಲ್ಲಾ ನಡೆಯುವುದು ಒಳಗೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಧೂಳಲ್ಲ. ಬಾಯಿ ತೆರೆದ ರಂಧ್ರದಲ್ಲಿ ನಮ್ಮದೇ ಬಣ್ಣದ ಮೆಲನಿನ್ ಗಾಳಿ ತಾಗಿ ಕಪ್ಪಾಗಿರುವುದು. ಎಷ್ಟು ಉಜ್ಜಿದರೂ ಅಲ್ಲಿಗೆ ಕೈ ಹೋಗಲ್ಲ. ಉಜ್ಜಿದಷ್ಟೂ ಮೇಲಿನ ಪದರ ಹರಿದು ಉರಿ ಜಾಸ್ತಿ ಆಗುತ್ತದೆ ಅಷ್ಟೇ. ರಾತ್ರಿಗೆ ರಂಧ್ರ ಕಟ್ಟಿಕೊಳ್ಳದ ಹಾಗೆ ತಡೆಯುವ ಅಡಾಪಲೀನ್ ಜೆಲ್, ಬೆಳಗ್ಗೆ ಬ್ಯಾಕ್ಟೀರಿಯಾ ಕೊಲ್ಲುವ ಶೇಕಡಾ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಬರೆದರು. ಎರಡನ್ನೂ ಶುರು ಮಾಡುವ ಮುಂಚೆ ಎರಡು ವಾರ ಮುಖಕ್ಕೆ ಬರೀ ಸೌಮ್ಯವಾದ ಒಂದು ಕ್ಲೆನ್ಸರ್, ಒಂದು ಮಾಯಿಶ್ಚರೈಸರ್. ಯಾವ ಕ್ಲೆನ್ಸರ್ ಅಂತ ಕೇಳಿದೆ. "ಹೆಸರು ಮುಖ್ಯ ಅಲ್ಲ, ಹಿಂದೆ ಬರೆದಿರೋದು ನೋಡಿ ತಗೋ" ಅಂದರು. ಅಷ್ಟರಲ್ಲಿ ಮುಂದಿನವರನ್ನು ಕರೆದರು.

ಹಿಂದೆ ಬರೆದಿರೋದು. ಅದನ್ನು ಓದೋದು ಹೇಗೆ?

ಆ ಸಂಜೆ ಮನೆಯಲ್ಲಿದ್ದ ಎಲ್ಲಾ ಬಾಟಲಿ, ಟ್ಯೂಬ್, ಸೋಪಿನ ಕವರ್ ತಂದು ಚಾಪೆ ಮೇಲೆ ಹರಡಿಕೊಂಡೆ. ಒಟ್ಟು ಒಂಬತ್ತು ಇದ್ದವು. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ, ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲ ದಿನ ಏನೂ ಅರ್ಥವಾಗಲಿಲ್ಲ. ಆದರೆ ಒಂದು ನಿಯಮ ಗೊತ್ತಾದ ಮೇಲೆ ಅರ್ಧ ಬಾಗಿಲು ತೆರೆದ ಹಾಗಾಯ್ತು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇರುವುದನ್ನು ಆಮೇಲೆ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಮೊದಲ ಐದಾರು ಹೆಸರೇ ಆ ಬಾಟಲಿ. ಫೇಸ್‌ವಾಶ್‌ನಲ್ಲಿ ಮೊದಲನೆಯದು ಸಾಮಾನ್ಯವಾಗಿ ಅಕ್ವಾ, ಅಂದ್ರೆ ನೀರು. ಎರಡನೆಯದೋ ಮೂರನೆಯದೋ ನೊರೆ ಬರಿಸುವ ವಸ್ತು.

ಈಗ ಬೇವಿನ ಬಾಟಲಿ ನೋಡಿದೆ. ಮುಂದೆ ದೊಡ್ಡ ಹಸಿರು ಎಲೆ. ಹಿಂದೆ ಬೇವು ಎಲ್ಲಿದೆ? ಸುವಾಸನೆಯ ಹೆಸರು ಮುಗಿದ ಮೇಲೆ, ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್ ಕೂಡ ಮುಗಿದ ಮೇಲೆ, ಬಣ್ಣದ ನಂಬರಿನ ಪಕ್ಕ. ಫಿನಾಕ್ಸಿಎಥನಾಲ್ ಹಾಕುವುದೇ ಸಾಮಾನ್ಯವಾಗಿ ಶೇಕಡಾ 1ರ ಒಳಗೆ. ಅದಕ್ಕಿಂತ ಹಿಂದೆ ನಿಂತ ಬೇವು ಎಷ್ಟಿರಬಹುದು ನೀವೇ ಯೋಚನೆ ಮಾಡಿ. ಹಸಿರು ಬಣ್ಣ ಬೇವಿನದ್ದೂ ಅಲ್ಲ. ಸಿಐ 19140 ಅನ್ನೋ ಹಳದಿ, ಸಿಐ 42090 ಅನ್ನೋ ನೀಲಿ, ಎರಡೂ ಸೇರಿ ಹಸಿರು. ನಮ್ಮ ಮನೆ ಹಿಂದೆ ನಿಜವಾದ ಬೇವಿನ ಮರ ಇದೆ. ಆ ಮರದ ಹೆಸರಿಗೆ ನಾನು ಎರಡು ವರ್ಷ ದುಡ್ಡು ಕೊಟ್ಟಿದ್ದೆ.

ಅಲ್ಲಿಂದ ನನಗೆ ಹಳೆಯ ಪಾಠ ನೆನಪಾಯ್ತು. ನಾನು ಪಿಯುಸಿ ಸೈನ್ಸ್. ಆಗ ದ್ವಿತೀಯ ಪಿಯುಸಿ ಕೆಮಿಸ್ಟ್ರಿಯ ಕೊನೆಯ ಪಾಠದಲ್ಲಿ ಸೋಪು, ಡಿಟರ್ಜೆಂಟ್, ಗಡಸು ನೀರು ಎಲ್ಲಾ ಬರುತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಸೋಪು ಅಂದ್ರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಸೋಪು ಅದರ ಜೊತೆ ಸೇರಿ ಕರಗದ ಬಿಳಿ ಗಸಿ ಆಗುತ್ತದೆ. ಕೋಲಾರದವರಿಗೆ ಇದನ್ನು ಪುಸ್ತಕ ಹೇಳಬೇಕಾಗಿಲ್ಲ ಅಲ್ವಾ? ನಮ್ಮ ಬಕೆಟ್ಟು, ಮಗ್ಗು, ನಲ್ಲಿ ಬಾಯಿ, ಹೀಟರ್ ಕಾಯಿಲ್ ಎಲ್ಲದರ ಮೇಲೂ ಬಿಳಿ ಪೊರೆ. ಬೋರ್ ಕೊರೆಸಿದರೆ ಸಾವಿರ ಅಡಿ ದಾಟಿ ಹೋಗಬೇಕು, ಬಂದ ನೀರು ಗಡಸು. ಕುಡಿಯೋಕೆ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇವೆ. ಮುಖಕ್ಕೆ ಮಾತ್ರ ಅದೇ ಬೋರ್ ನೀರು.

ಒಂದು ಸಂಜೆ ಒಳ್ಳೆ ಮಳೆ ಬಂತು. ತಾರಸಿ ಮೇಲೆ ಪಾತ್ರೆ ಇಟ್ಟು ಮಳೆ ನೀರು ಹಿಡಿದೆ. ಎರಡು ಖಾಲಿ ನೀರಿನ ಬಾಟಲಿ ತಗೊಂಡು ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬೋರ್ ನೀರು ಅರ್ಧರ್ಧ ಹಾಕಿದೆ. ಎರಡಕ್ಕೂ ಮೈ ಸೋಪನ್ನು ಒಂದೇ ಅಳತೆಯಲ್ಲಿ ಹೆರೆದು ಹಾಕಿ ಚೆನ್ನಾಗಿ ಕುಲುಕಿದೆ. ಮಳೆ ನೀರಿನ ಬಾಟಲಿ ಕುತ್ತಿಗೆಯವರೆಗೆ ನೊರೆ. ಬೋರ್ ನೀರಿನದರಲ್ಲಿ ನೊರೆ ಬೆರಳಷ್ಟೂ ಇಲ್ಲ, ನೀರು ಹಾಲು ಒಡೆದ ಹಾಗೆ, ಮೇಲೆ ಚೂರು ಚೂರು ಗಸಿ ತೇಲುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. "ಇದೇ ಅಲ್ವೇನೇ ಬಚ್ಚಲು ಕಲ್ಲಿನ ಮೇಲೆ ಕೂರೋದು" ಅಂದರು. ಹೌದು, ಇದೇ. ನನ್ನ ಕೆನ್ನೆ ಮೇಲೂ ದಿನಾ ಇದೇ ಕೂರುತ್ತಿತ್ತು. ಬೋರ್ ನೀರಿನಿಂದಲೇ ಮೊಡವೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳೋದು ತಪ್ಪಾಗುತ್ತದೆ. ಆದರೆ ಗಡಸು ನೀರಿನಲ್ಲಿ ತೊಳೆದಾಗ ತೊಳೆಯುವ ವಸ್ತು ಚರ್ಮದ ಮೇಲೆ ಜಾಸ್ತಿ ಉಳಿದು ಕೆರಳಿಸುತ್ತದೆ. ಈಗಾಗಲೇ ಕೆರಳಿದ ಮುಖಕ್ಕೆ ಅದು ಬೇಕಾಗಿರಲಿಲ್ಲ.

ಆಮೇಲೆ ಪಿಎಚ್, ಅಂದ್ರೆ ಹುಳಿಯೋ ಕ್ಷಾರವೋ ಅಂತ ಅಳೆಯುವ ಅಂಕಿ. 7 ನಡು, ಅದಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ನನ್ನ ಗೆಳತಿ ಒಬ್ಬಳು ಬಂಗಾರಪೇಟೆಯಲ್ಲಿ ಪಾಠ ಮಾಡುತ್ತಾಳೆ. ಅವಳ ಹತ್ತಿರ ಪಿಎಚ್ ಪೇಪರಿನ ಒಂದು ಪುಟ್ಟ ಪುಸ್ತಕ ಇತ್ತು, ಕೊಟ್ಟಳು. ಶುದ್ಧ ಘಟಕದ ನೀರಿನಲ್ಲಿ ಒಂದೊಂದನ್ನೂ ಸ್ವಲ್ಪ ಕಲಸಿ ಪೇಪರ್ ಅದ್ದಿ ಬಣ್ಣ ನೋಡಿದೆ. ನಮ್ಮ ಚರ್ಮದ ಮೇಲ್ಮೈ ಹುಳಿ ಕಡೆಗೆ ಇರುತ್ತದೆ, ಪಿಎಚ್ 5ರ ಆಸುಪಾಸು. ಆ ತೆಳು ಹುಳಿ ಪದರಕ್ಕೆ 1928ರಲ್ಲೇ ಜರ್ಮನಿಯ ಇಬ್ಬರು ವೈದ್ಯರು 'ಆಮ್ಲದ ಹೊದಿಕೆ' ಅನ್ನೋ ಅರ್ಥದ ಹೆಸರು ಕೊಟ್ಟರು. ಮೈ ಸೋಪು 10ರ ಹತ್ತಿರ ಬಂತು. ಪಿಎಚ್‌ನಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. ಐದರಿಂದ ಹತ್ತಕ್ಕೆ ಅಂದ್ರೆ ಲಕ್ಷ ಪಟ್ಟು. ಆರೋಗ್ಯವಾದ ಚರ್ಮ ಕೆಲವು ಗಂಟೆಯಲ್ಲಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ನಾನು ಬರೋಕೆ ಬಿಟ್ಟಿದ್ದರೆ ತಾನೆ? ಅಷ್ಟರಲ್ಲಿ ಮುಂದಿನ ಸಲ ತೊಳೆಯುತ್ತಿದ್ದೆ.

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಇದ್ದಿಲಿನ ಫೇಸ್‌ವಾಶ್. ಅದೂ 9 ದಾಟಿತು! ಫೇಸ್‌ವಾಶ್ ಅಂದ್ರೆ ಸೋಪಿಗಿಂತ ಸೌಮ್ಯ ಅಂದುಕೊಂಡಿದ್ದೆ. ಹಿಂದೆ ಓದಿದರೆ ಮಿರಿಸ್ಟಿಕ್ ಆಸಿಡ್, ಸ್ಟಿಯರಿಕ್ ಆಸಿಡ್, ಲಾರಿಕ್ ಆಸಿಡ್, ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕೊಬ್ಬಿನ ಆಮ್ಲ, ಕ್ಷಾರ. ಎರಡೂ ಸೇರಿದರೆ ಏನಾಗುತ್ತದೆ? ಸೋಪು. ಟ್ಯೂಬಿನಲ್ಲಿ ತುಂಬಿದ ಸೋಪು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮೊದಲ ಐದು ಹೆಸರಿನಲ್ಲಿ ಈ ಜೋಡಿ ಕಂಡರೆ ಅದು ಸೋಪು. ಬಿಲ್ಲೆಯಲ್ಲಾದರೆ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಅಂತ ಇರುತ್ತದೆ. ಕವರಿನ ಮೇಲೆ ಟಿಎಫ್‌ಎಂ 76, ಅಂದ್ರೆ ಒಟ್ಟು ಕೊಬ್ಬಿನ ಅಂಶ ಶೇಕಡಾ 76, ಅಂತ ಇದ್ದರೆ ಮೊದಲ ದರ್ಜೆ ಸೋಪು ಅನ್ನೋದು ನಿಜ, ಅದು ಒಳ್ಳೆಯ ಸೋಪೇ. ಆದರೆ ಎಷ್ಟೇ ಒಳ್ಳೆಯ ಸೋಪಾದರೂ ಕ್ಷಾರವೇ. ಮೈಗೆ ಹಾಕಿಕೊಳ್ಳೋಕೆ ತೊಂದರೆ ಇಲ್ಲ, ಮೊಡವೆ ಮುಖಕ್ಕೆ ಬೇಡ.

ಸೋಪಲ್ಲದೆ ನೊರೆ ಬರಿಸುವ ಬೇರೆ ವಸ್ತುಗಳಿವೆ. ಅವೇ ಡಿಟರ್ಜೆಂಟ್‌ಗಳು, ಆದರೆ ಬಟ್ಟೆ ಪುಡಿಯ ಜಾತಿ ಎಂದು ಹೆದರಬೇಡಿ, ಅವುಗಳಲ್ಲಿ ಗಡುಸು ಸೌಮ್ಯ ಎರಡೂ ಇವೆ. ಸೋಡಿಯಂ ಲಾರಿಲ್ ಸಲ್ಫೇಟ್, ಅಂದ್ರೆ ಎಸ್‌ಎಲ್‌ಎಸ್, ಗಡುಸಿನದು. ಚರ್ಮ ಎಷ್ಟು ಕೆರಳುತ್ತದೆ ಅಂತ ಪರೀಕ್ಷೆ ಮಾಡಬೇಕಾದರೆ ಚರ್ಮದ ವೈದ್ಯರು ಬೇಕಂತಲೇ ಅದನ್ನು ಹಚ್ಚುತ್ತಾರೆ! ಅದಕ್ಕೆ ಸ್ವಲ್ಪ ಬದಲಾವಣೆ ಮಾಡಿದ್ದು ಸೋಡಿಯಂ ಲಾರೆತ್ ಸಲ್ಫೇಟ್. ಹೆಸರಿನಲ್ಲಿ 'ರಿಲ್' ಹೋಗಿ 'ರೆತ್' ಬಂತು, ಅಷ್ಟಕ್ಕೇ ಎಷ್ಟೋ ಮೃದು. ಇನ್ನೂ ಸೌಮ್ಯವಾದವು ಸೋಡಿಯಂ ಕೊಕೊಯ್ಲ್ ಐಸೆಥಿಯೋನೇಟ್, ಸೋಡಿಯಂ ಕೊಕೊಯ್ಲ್ ಗ್ಲೈಸಿನೇಟ್, ಡೆಸಿಲ್ ಗ್ಲೂಕೋಸೈಡ್. ಕೊಕಾಮಿಡೋಪ್ರೊಪಿಲ್ ಬೀಟೇನ್ ಅನ್ನೋದು ಬಹಳ ಬಾಟಲಿಯಲ್ಲಿ ಸಿಗುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಿಂದ ಮಾಡಿದ್ದು. ಜೊತೆಗಿರುವ ಗಡುಸಿನದನ್ನೂ ಇದು ಮೆತ್ತಗೆ ಮಾಡುತ್ತದೆ. ಆದರೆ ಕೆಲವರಿಗೆ ಇದೇ ಅಲರ್ಜಿ. ಅಮೆರಿಕದ ಚರ್ಮ ಅಲರ್ಜಿ ವೈದ್ಯರ ಸಂಘ 2004ರಲ್ಲಿ ಇದನ್ನು ವರ್ಷದ ಅಲರ್ಜಿ ವಸ್ತು ಅಂತ ಹೆಸರಿಸಿತ್ತು. ಆದ್ದರಿಂದ ಸೌಮ್ಯ ಅಂತ ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ಚರ್ಮ ಒಪ್ಪಲೇಬೇಕು ಅಂತಿಲ್ಲ. ಹೊಸದು ತಂದರೆ ನಾನು ಈಗ ಮೂರ್ನಾಲ್ಕು ದಿನ ದವಡೆ ಕೆಳಗೆ ಮಾತ್ರ ಹಾಕಿ ತೊಳೆದು ನೋಡುತ್ತೇನೆ. ನೊರೆ ಎಷ್ಟು ಬಂತು ಅನ್ನೋದಕ್ಕೂ ಎಷ್ಟು ಚೊಕ್ಕ ಆಯ್ತು ಅನ್ನೋದಕ್ಕೂ ಸಂಬಂಧ ಇಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಒಂದು ಹೆಸರು ಸಿಕ್ಕಾಗ ಮಾತ್ರ ತುಂಬಾ ಖುಷಿ ಆಯ್ತು. ಡೈಸೋಡಿಯಂ ಇಡಿಟಿಎ. ಪಿಯುಸಿಯಲ್ಲಿ ನೀರಿನ ಗಡಸುತನ ಅಳೆಯೋಕೆ ಇದನ್ನೇ ಬಳಸುತ್ತಾರೆ ಅಂತ ಓದಿದ್ದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣಗಳನ್ನು ಇದು ಏಡಿ ಕೊಂಬಿನಲ್ಲಿ ಹಿಡಿದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಕೋದು ಚೂರೇ ಚೂರು, ನಮ್ಮ ಬೋರ್ ನೀರನ್ನು ಮೆತ್ತಗೆ ಮಾಡುವಷ್ಟೇನೂ ಅಲ್ಲ. ಆದರೂ ಸುಮ್ನೆ ತುಂಬಿದ ಕೆಮಿಕಲ್ ಅಂದುಕೊಂಡಿದ್ದ ಹೆಸರಿಗೆ ಒಂದು ಕೆಲಸ ಇದೆ ಅಂತ ತಿಳಿದಾಗ ಆ ಪಟ್ಟಿ ಮೇಲಿನ ಹೆದರಿಕೆ ಹೋಯ್ತು. ಸಿಟ್ರಿಕ್ ಆಸಿಡ್ ಕೂಡ ಹಾಗೇ, ಕೊನೆಯಲ್ಲಿ ಇದ್ದರೆ ಅದು ಪಿಎಚ್ ಸರಿ ಮಾಡೋಕೆ ಹಾಕಿದ್ದು. ಸಿಟೈಲ್ ಆಲ್ಕೋಹಾಲ್ ಅಂತ ಕಂಡು ಬಾಟಲಿ ಎಸೆಯಬೇಡಿ. ಅದು ಮೇಣದಂಥ ಕೊಬ್ಬು, ಚರ್ಮ ಒಣಗಿಸಲ್ಲ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್ ಅಂತ ಬರೆದಿರುವುದು, ನನ್ನ ಟೋನರಿನಲ್ಲಿ ಎರಡನೇ ಹೆಸರೇ ಅದಾಗಿತ್ತು.

ಮೆಂಥಾಲ್ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ. ತಣ್ಣಗೆ ಜುಮ್ ಅನ್ನಿಸುತ್ತದೆ, ಕೆಲಸ ಆಗುತ್ತಿದೆ ಅಂತ ಅನ್ನಿಸುತ್ತದೆ. ಆಗುತ್ತಿರುವುದು ನರಕ್ಕೆ ತಣ್ಣನೆ ಭಾಸ, ಅಷ್ಟೇ. ಅಕ್ರೋಟ್ ಸಿಪ್ಪೆ ಪುಡಿ ಇನ್ನೂ ಕೆಟ್ಟದ್ದು. ಕೆಂಪಗೆ ಊದಿದ ಗುಳ್ಳೆ ಮೇಲೆ ಮರಳಿನ ಹಾಗೆ ಉಜ್ಜಿ ಉಜ್ಜಿ ನಾನೇ ಒಡೆದುಕೊಂಡಿದ್ದೇನೆ. ನಮ್ಮ ಬಣ್ಣದ ಚರ್ಮದಲ್ಲಿ ಹಾಗೆ ಒಡೆದ ಒಂದೊಂದು ಗುಳ್ಳೆಯೂ ತಿಂಗಳುಗಟ್ಟಲೆ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ನನ್ನ ಎಡ ಕೆನ್ನೆಯ ಕಲೆಗಳಲ್ಲಿ ಎಷ್ಟೋ ಮೊಡವೆಯದಲ್ಲ, ನನ್ನ ಕೈಯದು.

ಹಾಗಾದರೆ ಫೇಸ್‌ವಾಶ್‌ನಲ್ಲಿ ಮೊಡವೆಗೆ ಕೆಲಸ ಮಾಡುವುದು ಏನೂ ಇಲ್ಲವಾ? ಇದೆ. ಸ್ಯಾಲಿಸಿಲಿಕ್ ಆಸಿಡ್. ಇದು ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೇ ಜಿಡ್ಡು ತುಂಬಿದ ರಂಧ್ರದ ಒಳಗೆ ಹೋಗಿ ಅಂಟಿಕೊಂಡ ಸತ್ತ ಕಣಗಳನ್ನು ಸಡಿಲ ಮಾಡುತ್ತದೆ. ಶೇಕಡಾ 0.5ರಿಂದ 2ರವರೆಗೆ ಇರುತ್ತದೆ, ಪ್ರಮಾಣ ಬರೆದಿರುವುದನ್ನೇ ಕೊಳ್ಳಿ. ಹಣೆ ಮೇಲಿನ ಸಣ್ಣ ಗುಳ್ಳೆ, ಬ್ಲ್ಯಾಕ್‌ಹೆಡ್ ಇರುವವರಿಗೆ ಇದು ಚೆನ್ನ. ಆಸ್ಪಿರಿನ್ ಆಗದವರು ಡಾಕ್ಟರನ್ನು ಕೇಳಿ ಬಳಸಿ, ಎರಡೂ ಒಂದೇ ಮನೆತನ. ಆದರೆ ಒಂದು ಮಾತು. ಹಾಕಿ ಇಪ್ಪತ್ತು ಸೆಕೆಂಡಿನಲ್ಲಿ ನೀರು ಎರಚಿ ತೊಳೆದುಬಿಡುವ ವಸ್ತುವಿಗೆ ಎಷ್ಟು ಕೆಲಸ ಮಾಡೋಕೆ ಸಮಯ ಸಿಗುತ್ತದೆ? ಬೆಂಜಾಯ್ಲ್ ಪೆರಾಕ್ಸೈಡ್ ಇರುವ ವಾಶ್ ಆದರೆ ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ ಅನ್ನುವುದು ಅದಕ್ಕೇ. ಅದು ಆಮ್ಲಜನಕ ಬಿಟ್ಟು ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆಂಟಿಬಯಾಟಿಕ್ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಹೋಗಲ್ಲ. ಶೇಕಡಾ 10ರದ್ದು ತಂದರೆ ಬೇಗ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. 2.5ರದ್ದೇ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಬಟ್ಟೆ ಮಾತ್ರ ಜೋಪಾನ. ಅಮ್ಮನ ಮೆರೂನ್ ಟವೆಲ್ ಮೇಲೆ ನನ್ನ ಕೆನ್ನೆಯ ಅಚ್ಚು ಬಿಳಿಯಾಗಿ ಬಿದ್ದಿದೆ, ಎಷ್ಟು ಒಗೆದರೂ ಹೋಗಲಿಲ್ಲ.

ಇಷ್ಟೆಲ್ಲಾ ಓದಿದ ಮೇಲೆ ನನ್ನ ತಲೆಯಲ್ಲಿ ಒಂದು ಗೆರೆ ಎಳೆದುಕೊಂಡೆ. ತೊಳೆದು ಹೋಗುವುದು ಬೇರೆ, ಮುಖದ ಮೇಲೆ ಉಳಿಯುವುದು ಬೇರೆ. ಔಷಧಿ ಕೆಲಸ ಉಳಿಯುವುದರದ್ದು. ತೊಳೆಯುವುದರ ಕೆಲಸ ಬೆವರು, ಧೂಳು, ಸನ್‌ಸ್ಕ್ರೀನ್, ಮೇಲಿನ ಜಿಡ್ಡು ತೆಗೆದು, ಚರ್ಮಕ್ಕೆ ಪೆಟ್ಟಾಗದ ಹಾಗೆ ಔಷಧಿಗೆ ಜಾಗ ಬಿಡುವುದು. ನನಗೆ ಅಡಾಪಲೀನ್ ಬರೆದಿದ್ದರಿಂದ ಅದರ ಜೊತೆ ಸ್ಯಾಲಿಸಿಲಿಕ್ ವಾಶ್ ಕೂಡ ಬೇಡ ಅನ್ನಿಸಿತು, ಎರಡೂ ಸೇರಿ ಚರ್ಮ ಸುಲಿಯುತ್ತದೆ. ಸುವಾಸನೆ ಇಲ್ಲದ, ಬಣ್ಣ ಇಲ್ಲದ, ನೀರಾದ ಮೇಲೆ ಗ್ಲಿಸರಿನ್ ಮೊದಲ ಮೂರರಲ್ಲಿ ಇರುವ, ಸೋಪಿನ ಜೋಡಿಯೂ ಎಸ್‌ಎಲ್‌ಎಸ್ಸೂ ಇಲ್ಲದ ಒಂದು ಬಾಟಲಿ ಹುಡುಕಿದೆ. ಎಂ.ಜಿ. ರಸ್ತೆಯ ನಾಲ್ಕು ಅಂಗಡಿ ಸುತ್ತಿದೆ. ಒಂದು ಅಂಗಡಿಯ ಅಣ್ಣ, "ಏನಮ್ಮ, ಎಲ್ಲಾ ಮುಂದೆ ನೋಡ್ತಾರೆ, ನೀನು ಹಿಂದೇನೇ ನೋಡ್ತೀಯ" ಅಂದು ತಾವೇ ಕನ್ನಡಕ ಹಾಕಿಕೊಂಡು ಜೊತೆಗೆ ಓದಿದರು. ಅಲ್ಲೇ ಸಿಕ್ಕಿತು. ಪೇಪರ್ ಅದ್ದಿ ನೋಡಿದರೆ 5ಕ್ಕೂ 6ಕ್ಕೂ ನಡುವೆ.

'ನಾನ್ ಕಾಮಿಡೋಜೆನಿಕ್' ಅಂತ ಮುಂದೆ ಬರೆದಿರುತ್ತದಲ್ಲ, ಅಂದ್ರೆ ರಂಧ್ರ ಮುಚ್ಚಲ್ಲ ಅಂತ, ಅದನ್ನು ನಾನು ಅಷ್ಟು ಲೆಕ್ಕಕ್ಕೆ ತಗೊಳ್ಳಲ್ಲ. ಯಾವ ವಸ್ತು ರಂಧ್ರ ಮುಚ್ಚುತ್ತದೆ ಅನ್ನುವ ಹಳೆಯ ಅಂಕಿಗಳೆಲ್ಲಾ ಬಂದದ್ದು ಮೊಲದ ಕಿವಿಗೆ ಹಚ್ಚಿ ನೋಡಿದ ಪರೀಕ್ಷೆಯಿಂದ. 1972ರಲ್ಲಿ ಅಮೆರಿಕದ ಕ್ಲಿಗ್‌ಮನ್, ಮಿಲ್ಸ್ ಅನ್ನೋ ವೈದ್ಯರು ಕ್ರೀಮುಗಳಿಂದ ಬರುವ ಮೊಡವೆ ಬಗ್ಗೆ ಬರೆದಾಗಲೂ ಅದೇ ಪರೀಕ್ಷೆ. ಮೊಲದ ಕಿವಿ ನಮ್ಮ ಕೆನ್ನೆಗಿಂತ ಬೇಗ ಮುಚ್ಚಿಕೊಳ್ಳುತ್ತದೆ. ಒಂದು ವಸ್ತುವನ್ನು ಒಂಟಿಯಾಗಿ ಹಚ್ಚುವುದೂ, ಬಾಟಲಿಯಲ್ಲಿ ಚೂರು ಸೇರಿಸಿ ತೊಳೆದುಬಿಡುವುದೂ ಒಂದೇ ಅಲ್ಲ. ಆದರೆ ಉಳಿಯುವ ಎಣ್ಣೆ ವಿಷಯ ಬೇರೆ. ನಾನು ಚಿಕ್ಕಂದಿನಿಂದ ರಾತ್ರಿ ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಮೆತ್ತಿ ಮಲಗುವವಳು. ದಿಂಬಿನ ಕವರ್ ಜಿಡ್ಡು, ಹಣೆ ಜಿಡ್ಡು, ಮರುದಿನ ಅದರ ಮೇಲೆ ಬಿಗಿ ಟೋಪಿ. ಡಾಕ್ಟರ್ ಎರಡನೇ ಸಲ ಹೋದಾಗ ಕೂದಲು ಮುಟ್ಟಿ ನೋಡಿಯೇ ಹೇಳಿದರು. ಈಗ ಭಾನುವಾರ ಸ್ನಾನಕ್ಕೆ ಒಂದು ಗಂಟೆ ಮುಂಚೆ ಎಣ್ಣೆ ಹಚ್ಚಿ ತೊಳೆದುಬಿಡುತ್ತೇನೆ. ಹಣೆಯ ಸಣ್ಣ ಗುಳ್ಳೆ ಎಲ್ಲಕ್ಕಿಂತ ಮೊದಲು ಹೋದದ್ದು ಇದರಿಂದ ಅಂತ ನನ್ನ ನಂಬಿಕೆ.

ಅಮ್ಮನ ಕಡಲೆಹಿಟ್ಟಿನ ಬಗ್ಗೆ ಜಗಳ ಆಯ್ತು. ನಮ್ಮಜ್ಜಿ ಕಾಲದಿಂದ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ ಬಳಸಿದ ಮನೆ ನಮ್ಮದು. ಅದರಲ್ಲಿ ತಪ್ಪಿಲ್ಲ. ಅಂಟುವಾಳ, ಸೀಗೆ ಎರಡರಲ್ಲೂ ಸ್ಯಾಪೊನಿನ್ ಅನ್ನೋ ನೊರೆಯ ವಸ್ತು ಇದೆ, ಕಡಲೆಹಿಟ್ಟು ಜಿಡ್ಡು ಹೀರುತ್ತದೆ. ಆದರೆ ಅಡಾಪಲೀನ್ ಹಚ್ಚಿ ಸಿಪ್ಪೆ ಏಳುತ್ತಿರುವ ಮುಖದ ಮೇಲೆ ಹಿಟ್ಟು ಹಾಕಿ ಉಜ್ಜಿದರೆ ಆಗಲ್ಲ. ನಿಂಬೆರಸ ಅಂತೂ ಬೇಡವೇ ಬೇಡ, ಪೇಪರ್ ಅದ್ದಿದರೆ 2ರ ಬಣ್ಣ ಬಂತು. ಅಮ್ಮನಿಗೆ ಆ ಕೆಂಪು ಪೇಪರ್ ತೋರಿಸಿದ ಮೇಲೆ ಒಪ್ಪಿದರು.

ಮೊದಲ ತಿಂಗಳು ಕಷ್ಟ. ಅಡಾಪಲೀನ್ ಬಟಾಣಿ ಕಾಳಿನಷ್ಟು, ಮುಖ ಪೂರ್ತಿ ಒಣಗಿದ ಮೇಲೆ, ಮೊದಲು ದಿನ ಬಿಟ್ಟು ದಿನ. ಸಿಪ್ಪೆ ಎದ್ದಿತು, ಒಳಗಿದ್ದ ಗುಳ್ಳೆಗಳೆಲ್ಲಾ ಹೊರಗೆ ಬಂದ ಹಾಗೆ ಅನ್ನಿಸಿತು. ಹಳೆಯ ಕೈ ಮತ್ತೆ ಮತ್ತೆ ಬಚ್ಚಲ ಕಡೆಗೇ ಎಳೆಯುತ್ತಿತ್ತು, ತೊಳೆಯದಿದ್ದರೆ ಏನೋ ತಪ್ಪು ಮಾಡಿದ ಹಾಗೆ. ಬೆಳಗ್ಗೆ ಒಂದು ಸಲ, ಶಿಫ್ಟ್ ಮುಗಿಸಿ ಬಂದು ಒಂದು ಸಲ, ಬೆರಳ ತುದಿಯಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಕೊನೆಯ ಎರಡು ಬೊಗಸೆ ಮಾತ್ರ ಕ್ಯಾನ್ ನೀರು. ಟವೆಲ್‌ನಲ್ಲಿ ಒರೆಸದೆ ಒತ್ತಿಕೊಳ್ಳುವುದು. ಎಂಟನೇ ವಾರಕ್ಕೆ ದವಡೆಯ ಗಂಟು ಹೊಸದು ಬರೋದು ಕಡಿಮೆ ಆಯ್ತು. ಹನ್ನೆರಡನೇ ವಾರಕ್ಕೆ ಕಾರ್ಖಾನೆಯಲ್ಲಿ ಪಕ್ಕದ ಲೈನಿನವಳು ಯಾವ ಕ್ರೀಮ್ ಅಂತ ಕೇಳಿದಳು. ಕಲೆ ಇನ್ನೂ ಇದೆ, ತಿಂಗಳಿಗೆ ಒಂದೆರಡು ಗುಳ್ಳೆ ಈಗಲೂ ಬರುತ್ತವೆ. ಅಡಾಪಲೀನ್ ಗರ್ಭಿಣಿಯರು ಬಳಸುವ ಹಾಗಿಲ್ಲ, ಮದುವೆಯಾದ ಗೆಳತಿಯರಿಗೆ ಇದನ್ನು ಹೇಳದೆ ಟ್ಯೂಬಿನ ಹೆಸರು ಕೊಡುವುದಿಲ್ಲ.

ಹೋದ ತಿಂಗಳು ಮತ್ತೆ ಮುಳಬಾಗಿಲಿಗೆ ಹೋಗಿದ್ದೆ. ದೊಡ್ಡತ್ತೆಯ ಮೊಮ್ಮಗಳು ಒಂಬತ್ತನೇ ಕ್ಲಾಸು. ನಾನು ಕೂತ ತಕ್ಷಣ ಒಳಗಿನಿಂದ ಬಂದು ಸುಮ್ಮನೆ ಪಕ್ಕದಲ್ಲಿ ಕೂತಳು. ಹಣೆ ತುಂಬಾ ಗುಳ್ಳೆ, ಕೆನ್ನೆ ಕೆಂಪಗೆ, ಮೂಗಿನ ಪಕ್ಕ ಸಿಪ್ಪೆ. "ಅಕ್ಕಾ, ಎಷ್ಟು ತೊಳೆದರೂ ಹೋಗ್ತಿಲ್ಲ" ಅಂದಳು. ದಿನಕ್ಕೆ ಎಷ್ಟು ಸಲ ಅಂದೆ. ಆರು ಬೆರಳು ತೋರಿಸಿದಳು. ಅವಳ ಕೈ ಹಿಡಿದು, ನಿನ್ನ ಮುಖದಲ್ಲಿ ಕೊಳೆ ಇಲ್ಲ ಪುಟ್ಟಿ ಅಂದೆ. ದೊಡ್ಡತ್ತೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, ಏನೂ ಹೇಳಲಿಲ್ಲ, ಒಳಗೆ ಹೋಗಿ ಬಚ್ಚಲಿನಲ್ಲಿದ್ದ ಬಾಟಲಿ ಎಲ್ಲಾ ತಂದು ನನ್ನ ಮುಂದೆ ಇಟ್ಟರು. ಮೂವರೂ ಸೇರಿ ಹಿಂಬದಿ ಓದಿದೆವು. ಎರಡು ಸೋಪು, ಒಂದು ಮೆಂಥಾಲ್, ಒಂದು ಅಕ್ರೋಟ್ ಸ್ಕ್ರಬ್.

"ಇದು ಹೊಸದು ಅಕ್ಕಾ, ಒಂದೇ ಸಲ ಹಾಕಿದ್ದು, ಬಿಸಾಕಬೇಕಾ?" ಅಂತ ಸ್ಕ್ರಬ್ ಡಬ್ಬಿ ಹಿಡಿದು ಕೇಳಿದಳು.

ಅಜ್ಜಿಗೆ ಕೊಡು, ಹಿಮ್ಮಡಿಗೆ ಉಜ್ಜಿಕೊಳ್ಳಲಿ ಅಂದೆ.